ಒಂದೇ ಬದಿಗೆ ಹೋಗುವ ನೀರು

ಇಪ್ಪತ್ತು ವರ್ಷ ಬಂಗುಡೆ ಹೊತ್ತ ಟೆಂಪೊ ಇದು.
ಲೀಲಾಧರ ಅದರ ಹೊಟ್ಟೆಗೆ ಪ್ಲೈವುಡ್ ಬಡಿದು
ಎರಡು ಮಂಚ ಕೂರಿಸಿದ, ಒಂದು ಕಿಟಕಿ ಕೊರೆದ,
ಪರದೆಗೆ ನನ್ನ ಹಳೆಯ ನೈಲೆಕ್ಸ್ ಸೀರೆ.
ಮೂರು ಸಲ ಫಿನಾಯಿಲು, ಒಂದು ಸಲ ಹುಣಸೆಹುಳಿ,
ಕೊನೆಗೆ ಊದುಬತ್ತಿಯ ಇಡೀ ಕಟ್ಟು.
ಆದರೂ ಬಾಗಿಲು ತೆರೆದರೆ
ಮಲ್ಪೆ ಬಂದರಿನ ಬೆಳಗಿನ ನಾಲ್ಕು ಗಂಟೆ.

"ಚಕ್ರದ ಮೇಲೆ ಮನೆ" ಎಂದ ಅವನು.
ಅತ್ತೆ ಒಳಗೆ ಇಣುಕಿ,
"ಐಸು ಹಾಕುವುದೊಂದು ಬಾಕಿ, ನಾವು ಕೆಡದ ಹಾಗೆ."

ಕೋಡಿಬೆಂಗ್ರೆಯಿಂದ ಹೊರಟೆವು, ಕ್ರಿಸ್ಮಸ್ ರಜೆ.
ನಾವಿಬ್ಬರು, ಅತ್ತೆ, ಮಗ ಪ್ರಣೀಲ,
ಸೀಟಿನ ಕೆಳಗೆ ಬೊಳ್ಳು,
ಹುಟ್ಟಿದ ಮೇಲೆ ಮರಳು ಬಿಟ್ಟು ಬೇರೆ ನೆಲ ಕೆರೆಯದ ನಾಯಿ.
ಹೆಬ್ರಿ ಪೇಟೆಯಲ್ಲಿ ಗಾಡಿಯ ಗುರುತು ಹಿಡಿದು
ಹೆಂಗಸೊಬ್ಬಳು ಚೀಲ ಬೀಸುತ್ತಾ ಓಡಿ ಬಂದಳು:
"ಬೂತಾಯಿ ಉಂಟಾ?"
ಲೀಲಾಧರ ನಾಚಿಕೊಂಡ. "ಇವತ್ತು ಮನುಷ್ಯರು ಮಾತ್ರ."

ಶೀನ ನಾಯ್ಕರ ರಬ್ಬರು ತೋಟ ದಾಟಿದರೆ ಸೀತಾನದಿ.
ಎದುರಿಗೆ ಘಟ್ಟ.
ವಾರಕ್ಕೆರಡು ಸಲ ಇದರ ಬುಡಕ್ಕೆ ಬಂದವನು
ತಲೆ ಎತ್ತಿ ನೋಡಿದ್ದು ಇವತ್ತೇ ಅಂತೆ.
"ಮೀನು ಕೆಡುತ್ತದಲ್ಲ, ಎಲ್ಲಿ ಪುರುಸೊತ್ತು?"

ಮೂರು ಕಲ್ಲು, ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ.
ಬೊಳ್ಳು ಹೊಳೆಗೆ ಮೂತಿ ಇಟ್ಟಿತು, ಹಿಂದೆ ಸರಿಯಿತು,
ಮತ್ತೆ ಇಟ್ಟಿತು.
ಉಪ್ಪಿಲ್ಲದ ಇಷ್ಟೊಂದು ನೀರು ಯಾರದೆಂದು
ನಮ್ಮೆಲ್ಲರ ಮುಖ ನೋಡಿತು.

ಪ್ರಣೀಲನ ನೀಲಿ ಚಪ್ಪಲಿಯೊಂದು ಸೆಳವಿಗೆ ಸಿಕ್ಕಿ
ಬಂಡೆ ಸುತ್ತಿ, ಒಮ್ಮೆ ತಿರುಗಿ, ಹೋಯಿತು.
"ಅಳಬೇಡ," ಅವನ ಅಪ್ಪ ಹೇಳಿದ,
"ಈ ಹೊಳೆ ಹೋಗುವುದು ನಮ್ಮ ಹಿತ್ತಿಲಿಗೇ.
ನಮಗಿಂತ ಮೊದಲು ಮುಟ್ಟುತ್ತದೆ."
ಅಳು ನಿಂತಿತು. ಹುಡುಗ ಯೋಚಿಸಿದ.
ಇನ್ನೊಂದು ಚಪ್ಪಲಿಯನ್ನೂ ನೀರಿಗೆ ಬಿಟ್ಟ,
ಅದಕ್ಕೆ ಜೊತೆಯಾಗಲಿ ಎಂದು.

ರಾತ್ರಿ ಅತ್ತೆಗೆ ನಿದ್ದೆ ಹತ್ತಲಿಲ್ಲ.
ಎಪ್ಪತ್ತೊಂದು ವರ್ಷ
ಎರಡು ನೀರಿನ ನಡುವಿನ ಮರಳಪಟ್ಟಿಯಲ್ಲಿ ಮಲಗಿದವರು.
"ಒಂದೇ ಬದಿಗೆ ಹೋಗುವ ನೀರು ಮಾರಾಯ್ತಿ,
ಹೋಗುತ್ತದೆ, ಹೋಗುತ್ತದೆ, ತಿರುಗಿ ಬರುವುದೇ ಇಲ್ಲ.
ಕಡಲಾದರೆ ಕೊಂಡುಹೋದದ್ದಕ್ಕೆ
ಒಂದು ಮಾತು ಹೇಳಲಿಕ್ಕಾದರೂ ಹಿಂದೆ ಬರುತ್ತದೆ."
ಮಾವನ ಹೆಸರು ಇಬ್ಬರೂ ಎತ್ತಲಿಲ್ಲ.

ಹಿಂಬಾಗಿಲು ತೆರೆದು ಕಾಲು ಇಳಿಬಿಟ್ಟು ಕೂತೆವು.
ಕತ್ತಲಲ್ಲಿ ಒಂದು ದೀಪ. ಮರೆ. ಇನ್ನಷ್ಟು ಮೇಲೆ ಮತ್ತೆ ಅದೇ ದೀಪ.
"ಯಾರ ಬೋಟು ಅದು?"
"ಆಗುಂಬೆಗೆ ಹತ್ತುವ ಕಾರು, ಅತ್ತೆ."
"ಗೊತ್ತುಂಟು." ಸ್ವಲ್ಪ ಹೊತ್ತು ಬಿಟ್ಟು,
"ಆದರೂ ಎಣಿಸು. ಹೋದದ್ದೆಲ್ಲ ಬಂತಾ ನೋಡಬೇಕು."
ಎಣಿಸಿದೆ. ಏಳು ಹತ್ತಿದವು. ನಾಲ್ಕು ಇಳಿದವು.
ಎಲ್ಲ ಬಂತು, ಎಂದೆ.
ಆಮೇಲೆ ಅವರ ಗೊರಕೆ ಕೇಳಿಸಿತು.

ನಡುರಾತ್ರಿ ಯಾವುದೋ ಪ್ರಾಣಿ ಗಾಡಿಗೆ ಸುತ್ತು ಬಂದು
ತಗಡಿಗೆ ಮೂಗೊತ್ತಿ ಉಸಿರೆಳೆದುಕೊಂಡಿತು,
ಉದ್ದಕ್ಕೆ, ಮನಸ್ಸಿಟ್ಟು,
ತಾನು ಎಂದೂ ಕಾಣದ ಕಡಲನ್ನು.
ಬೊಳ್ಳು ಬೊಗಳಲಿಲ್ಲ. ನನ್ನ ಕಂಬಳಿಯೊಳಗೆ ನುಗ್ಗಿ ನಡುಗಿತು.
ಬೆಳಿಗ್ಗೆ ಹೆಜ್ಜೆ ನೋಡಿ ಶೀನ ನಾಯ್ಕರು ಪುನುಗು ಅಂದರು.
ಲೀಲಾಧರ ಈಗ ಬಂದರಿಡೀ ಹೇಳುತ್ತಿದ್ದಾನೆ: ಚಿರತೆ.

ನಾವು ಮರಳಿ ಇವತ್ತಿಗೆ ಒಂಬತ್ತು ದಿನ.
ಪ್ರಣೀಲ ಶಾಲೆ ಬಿಟ್ಟವನೇ ಅಳಿವೆಯ ಕಲ್ಲಿನ ಮೇಲೆ.
ಬಂದದ್ದು: ಎರಡು ತೆಂಗಿನಕಾಯಿ, ಒಂದು ಬಲ್ಬು,
ರಬ್ಬರು ಹಾಲು ಹಿಡಿಯುವ ಅರ್ಧ ಚಿಪ್ಪು.

ಈಗ ಹಿತ್ತಿಲಿನಲ್ಲಿ, ಯಾರೂ ನೋಡುತ್ತಿಲ್ಲವೆಂದುಕೊಂಡು,
ಅತ್ತೆ ಹೊಸ ನೀಲಿ ಚಪ್ಪಲಿ ಜೋಡಿಯನ್ನು
ಉಪ್ಪುನೀರಲ್ಲಿ ಅದ್ದಿ ಮರಳಿಗೆ ತಿಕ್ಕುತ್ತಿದ್ದಾರೆ,
ಹಿಮ್ಮಡಿಯ ಕಡೆ ಸ್ವಲ್ಪ ಜಾಸ್ತಿ.
ಒಂದು ನಂಬರು ದೊಡ್ಡದು ತಂದಿದ್ದಾರೆ.