ಬಾಯಂಚು

ಅರ್ಜಿಯಲ್ಲಿ 'ಮುಖ್ಯ ವಿಷಯ' ಎಂಬ ಖಾನೆ
ಎರಡು ಬೆರಳಗಲ.
'ಬೈಬಲ್ ಪುರಾತತ್ವ' ಎಂದು ಬರೆದರೆ
ಕೊನೆಯ ಅಕ್ಷರ ಗೆರೆ ದಾಟಿ
'ಜಾತಿ'ಯ ಮೇಲೆ ಕೂತಿತು.
ಗುಮಾಸ್ತ ಕನ್ನಡಕ ಏರಿಸಿದ:
"ಇದು ಓದಿ ಪಾದ್ರಿ ಆಗ್ತೀಯೋ, ಮೇಸ್ತ್ರಿ ಆಗ್ತೀಯೋ?"

ಕೋಲಾರದ ಆ ತರಗತಿಗೆ ನಾವು ಮೂವರೇ.
ನಾನು, ಬಂಗಾರಪೇಟೆಯ ಸ್ಯಾಮ್ಸನ್,
ಬೇರೆಲ್ಲೂ ಸೀಟು ಸಿಗದ ಮುಳಬಾಗಿಲ ನಾಗವೇಣಿ.
ಹೀಬ್ರೂ ಅಕ್ಷರ ಮೊದಲು ಒಲಿದದ್ದು ಅವಳಿಗೇ:
"ಬಲದಿಂದ ಎಡಕ್ಕೆ, ಅಷ್ಟೇ ತಾನೆ?
ನಮ್ಮಮ್ಮ ಈಚಲ ಚಾಪೆ ಹೆಣೆಯೋದೂ ಹಾಗೇ."

ವೇದಮುತ್ತು ಮೇಷ್ಟ್ರು ಯೆರಿಕೋ ನೋಡಿದವರಲ್ಲ.
ಅವರ ಪಾಸ್‌ಪೋರ್ಟು ಎರಡು ಸಲ
ಒಂದು ಮುದ್ರೆಯೂ ಬೀಳದೆ ಅವಧಿ ಮುಗಿಸಿತ್ತು.
ಸಿಟಿ ಬಸ್ಸಲ್ಲಿ ನಮ್ಮನ್ನು
ಹಾಳೂರು ದಿಬ್ಬಕ್ಕೆ ಕರೆದೊಯ್ದು, ಕೊಡೆ ಊರಿ ನಿಂತರು:
"ಅಲ್ಲಿ ತೆಲ್ ಅಂತಾರೆ, ಇಲ್ಲಿ ದಿಬ್ಬ.
ಊರ ಮೇಲೆ ಊರು, ಒಲೆಯ ಮೇಲೆ ಒಲೆ.
ಹೋಗಿ, ಮಡಕೆಯ ಬಾಯಂಚಿನ ಚೂರು ಆಯ್ದು ತನ್ನಿ.
ಬಾಯಿ ಕಾಲಕ್ಕೆ ತಕ್ಕ ಹಾಗೆ ಹೊರಳುತ್ತೆ, ದಪ್ಪವಾಗುತ್ತೆ, ಒಳಗೆ ಬಾಗುತ್ತೆ.
ಹೊಟ್ಟೆಯ ಚೂರು ಬೇಡ.
ಹೊಟ್ಟೆ ಎಲ್ಲ ಕಾಲಕ್ಕೂ ಒಂದೇ."
ನಾವು ನಕ್ಕೆವು. ಅವರು ನಗಲಿಲ್ಲ.

ಚಾಂಪಿಯನ್ ರೀಫಿನ ಕೇಜಿನಲ್ಲಿ
ಇಪ್ಪತ್ತೆರಡು ವರ್ಷ ಇಳಿದು ಹತ್ತಿದ ಅಪ್ಪ
ನನ್ನ ಕರಣೆಯನ್ನು ತಿರುಗಿಸಿ ನೋಡಿದ.
"ಇದರಲ್ಲಿ ದಿನಕ್ಕೆ ಎಷ್ಟು ಆಳ?"
"ನಾಲ್ಕು ಬೆರಳು."
ನಕ್ಕ. ನಗು ಕೆಮ್ಮಾಯಿತು.
ಆ ಕೆಮ್ಮಿಗೆ ಮೂರು ಸಾವಿರ ಮೀಟರ್ ಆಳ.
ನೀರು ಕುಡಿದು, ಸುಧಾರಿಸಿಕೊಂಡು ಅಂದ:
"ಅಷ್ಟು ಕೆಳಗೆ ಹೋದ್ವಲ್ಲ,
ಒಂದು ಮಡಕೆ ಚೂರೂ ಸಿಗಲಿಲ್ಲ.
ಅಲ್ಲಿ ಯಾರೂ ಸಂಸಾರ ಮಾಡಿರಲಿಲ್ಲ. ನಾವೇ ಮೊದಲು."

ಎರಡನೇ ವರ್ಷ ಯೆರಿಕೋ.
ನಾಲ್ಕು ಬಣ್ಣದ ಪೆನ್ಸಿಲಿನಲ್ಲಿ ಪದರ ಬರೆದೆವು.
ಗೋಡೆಗಳಿವೆ. ಬಿದ್ದವೂ ಇವೆ.
ಆದರೆ ಕಹಳೆ ಊದಿದರೆನ್ನುವ ಕಾಲಕ್ಕೆ
ಬೀಳಲು ಅಲ್ಲೊಂದು ಗೋಡೆ ಇತ್ತೇ,
ಅಗೆದವರೇ ಜಗಳವಾಡುತ್ತಾರೆ.
ಸ್ಯಾಮ್ಸನ್ ಪೆನ್ಸಿಲ್ ಕೆಳಗಿಟ್ಟ,
ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ.
ನಾಗವೇಣಿ ಮಾತ್ರ ಹಾಳೆ ತಿರುವಿ ಕೇಳಿದಳು:
"ಸಾರ್, ಮುಂದಿನ ಪದರ?"

ನಮ್ಮಜ್ಜಿ ಎಸ್ತೇರಮ್ಮ
ನಲವತ್ತು ವರ್ಷ ಭಾನುವಾರದ ಶಾಲೆಯಲ್ಲಿ
ಮಕ್ಕಳ ಬಾಯಿಗೆ ಪೀಪಿ ಕೊಟ್ಟು
ಬೆಂಚುಗಳ ಸುತ್ತ ಏಳು ಸುತ್ತು ಹಾಕಿಸಿದವಳು;
ಏಳನೆಯದಕ್ಕೆ ತಾನೇ ಹಲಗೆ ಬೀಳಿಸುತ್ತಿದ್ದಳು, ಧಡಾರ್ ಎಂದು.
ಅವರೆಕಾಯಿ ಸುಲಿಯುತ್ತ ಕೇಳಿದಳು:
"ಗೋಡೆ ಸಿಕ್ತಾ?"
"ಅಗೀತಾ ಇದ್ದಾರೆ ಅಜ್ಜೀ."
"ನಿನ್ನ ತುಟಿ ನೋಡಿದ್ರೇ ಗೊತ್ತಾಗುತ್ತೆ ಸುಳ್ಳು."
ಒಂದು ಸೊರಗಿದ ಕಾಯಿ ಪಕ್ಕಕ್ಕೆಸೆದಳು.
"ಹೋಗಲಿ, ರಾಹಾಬಳ ಮನೆ?
ಆ ಕಿಟಕಿ? ಕೆಂಪು ದಾರ?"
"ದಾರ ಮಣ್ಣಲ್ಲಿ ಉಳಿಯಲ್ಲ. ಕೊಳೆತುಹೋಗುತ್ತೆ."
"ಊರೆಲ್ಲ ಹಾಳಾದಾಗ ಉಳಿದದ್ದೇ ಅವಳ ಮನೆಯೊಂದು ಕಣೇ.
ಉಳಿದದ್ದನ್ನು ಬಿಟ್ಟು
ಬಿದ್ದದ್ದನ್ನೇ ಹುಡುಕ್ತಾರಲ್ಲ ನಿಮ್ಮ ಪಂಡಿತರು!"
ಎದ್ದು, ಸಿಪ್ಪೆಯನ್ನು ಪಕ್ಕದ ಮನೆಯ ಮೇಕೆಗೆ ಹಾಕಲು ಹೋದಳು.
ನಾನು ಉತ್ತರವನ್ನು ಇನ್ನೂ ಬರೆಯುತ್ತಿದ್ದೇನೆ.

ರಜೆಯ ಒಂದು ಸಂಜೆ ಸೈನೈಡ್ ಗುಡ್ಡದ ಬುಡದಲ್ಲಿ,
ಮುರಿದ ಲೈನ್ ಮನೆಗಳ ಹಿಂದಿನ ತಿಪ್ಪೆಯಲ್ಲಿ,
ದಾರ ಕಟ್ಟಿ ಒಂದು ಚೌಕ ಮಾಡಿಕೊಂಡೆ.
ನಾಲ್ಕು ಬೆರಳು.
ಪ್ಲಾಸ್ಟಿಕ್ಕು. ಬೂದಿ. ಒಂದು ಗುಂಡಿ.
ಎಂಟು ಬೆರಳು:
ಎನಾಮಲ್ ಲೋಟದ ಬಾಯಂಚು,
ನೀಲಿ ಗೆರೆ ಇನ್ನೂ ಮಾಸಿಲ್ಲ,
ಒಂದು ಕಡೆ ತುಟಿ ತಾಗಿ ತಾಗಿ ಸವೆದಿದೆ.
ಅಳತೆಪಟ್ಟಿ ಇಟ್ಟು ಚಿತ್ರ ಬರೆದೆ.
'ಕಾಲ' ಎಂಬ ಖಾನೆಯಲ್ಲಿ, ಯೋಚಿಸಿ,
'ಸೈರನ್ ಕೂಗುತ್ತಿದ್ದಾಗ' ಎಂದು ಬರೆದೆ.
ಮೇಷ್ಟ್ರು ಅಂಕ ಕಳೆಯುತ್ತಾರೆ, ಗೊತ್ತು.

ಮಡಕೆಯ ಹೊಟ್ಟೆಯ ಚೂರುಗಳು ಬಹಳ ಇದ್ದವು.
ಬಿಟ್ಟುಬರಬೇಕು, ಅದು ನಿಯಮ.
ಚೀಲದಲ್ಲಿವೆ. ಬಸ್ಸು ಕುಲುಕಿದಾಗಲೆಲ್ಲ
ಸದ್ದು ಮಾಡುತ್ತವೆ.