ಎರಡು ಸಲ ಒತ್ತಿದರೆ

ಮಲ್ಪೆ ಧಕ್ಕೆಯ ಕಮಿಷನ್ ಅಂಗಡಿಗೆ
ಹರಾಜಿನ ಲೆಕ್ಕ ಬರೆದುಕೊಟ್ಟೆ, ಪೈಥಾನಿನಲ್ಲಿ.
ನನ್ನ ಲ್ಯಾಪ್‌ಟಾಪಿನ ಕಪ್ಪು ಕಿಟಕಿಯಲ್ಲಿ
ಹೆಸರು ಹಿಡಿದು ಕರೆದರೆ
ಓ ಎಂದು ಓಡಿ ಬರುತ್ತಿತ್ತು.

ನಸುಕಿನ ನಾಲ್ಕೂವರೆಗೆ ಸದಿಯಣ್ಣನ ಫೋನು:
"ಎಂತದು ಮಾರಾಯ್ತಿ,
ಎರಡು ಸಲ ಒತ್ತು ಅಂದಿ, ಇಪ್ಪತ್ತು ಸಲ ಒತ್ತಿದೆ.
ಕಣ್ಣು ಮಿಟುಕಿಸಿ ಓಡಿಹೋಗ್ತದೆ.
ಇಲ್ಲಿ ಬೋಟು ಬಂದು ನಿಂತಿದೆ."

ಹೋಗಿ ನೋಡಿದೆ.
ಆ ಉಪ್ಪುಗಾಳಿಯ ಕೋಣೆಯಲ್ಲಿ ಅದು
ನನ್ನ ಮನೆಯ ಫೋಲ್ಡರು ಹುಡುಕುತ್ತಿತ್ತು, ಪಾಪ.
ದಾರಿ ತಿದ್ದಿದೆ. ತೆರೆಯಿತು.
ಬೂತಾಯಿ ಇರಬೇಕಾದಲ್ಲಿ ಖಾಲಿ ಚೌಕ,
ಬಂಗುಡೆ ಇರಬೇಕಾದಲ್ಲಿ ಖಾಲಿ ಚೌಕ,
ಹರಾಜು ಮುಗಿದ ಮೇಲಿನ ಕ್ರೇಟುಗಳ ಹಾಗೆ
ಸಾಲು ಸಾಲು.
ನನ್ನ ಅಕ್ಷರ ನನ್ನಲ್ಲೇ ಉಳಿದಿತ್ತು.

ಅಜ್ಜರಕಾಡಿನಲ್ಲಿ ಧಣಿಯ ಮ್ಯಾಕು
ಇನ್ನೂ ಗಟ್ಟಿ:
ಇದನ್ನು ಬರೆದವರು ಯಾರೆಂದು ತಿಳಿಯದು,
ತೆರೆಯಲಾರೆ.
ಕೇಳಿ ಸದಿಯಣ್ಣ ನಕ್ಕ:
"ಕಲ್ಮಾಡಿ ಲೀಲಕ್ಕನ ಮಗಳು ಅಂತ ಹೇಳು ಅದಕ್ಕೆ."

ಬೇಜಾರಿನಲ್ಲಿ ಕಟ್ಟೆಯ ಮೇಲೆ ಕೂತೆ.
ಎದುರಿಗೆ ಹತ್ತು ದಿನದ ಬೋಟಿಗೆ
ಸಾಮಾನು ಏರುತ್ತಿತ್ತು. ಡೀಸೆಲ್, ಐಸು,
ಕುಚ್ಚಲಕ್ಕಿ, ಗ್ಯಾಸು, ಬಲೆ ಹೊಲಿಯುವ ನೂಲು,
ಸೂಜಿ ಎರಡು, ಬೆಂಕಿಪೊಟ್ಟಣ,
ಕೊನೆಗೆ ಒಂದು ಚೀಲ ಉಪ್ಪು.
"ಕಡಲಿಗೆ ಹೋಗುವವರಿಗೆ ಉಪ್ಪು ಯಾಕೆ?"
ತಾಂಡೇಲ ತಿರುಗಿಯೂ ನೋಡದೆ ಅಂದ:
"ಅಲ್ಲಿಯ ಉಪ್ಪು ಗಂಜಿಗೆ ಆಗುದಿಲ್ಲ."

ಆ ರಾತ್ರಿ ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ.
ಪೈಥಾನನ್ನೇ ಒಳಗೆ ಕೂರಿಸಿದೆ,
ಅಲ್ಲಿ ಇದ್ದರೂ ಇರಲಿ ಎಂದು.
ಅಕ್ಷರ ಕಟ್ಟಿದೆ, ಚಿತ್ರ ಕಟ್ಟಿದೆ,
ನಾನು ಬರೆಯದ, ಹೆಸರೂ ಗೊತ್ತಿಲ್ಲದ
ಯಾರ್ಯಾರದೋ ಕೆಲಸ ಮಡಚಿ ಮಡಚಿ ತುಂಬಿದೆ.
ಬರೆದದ್ದು ನಲ್ವತ್ತು ಕೆಬಿ,
ಗಂಟು ಎಂಬತ್ತು ಎಂಬಿ.
ವಿಂಡೋಸಿನದ್ದು ವಿಂಡೋಸಿನಲ್ಲೇ ಕಟ್ಟಬೇಕು,
ಮ್ಯಾಕಿನದ್ದು ಮ್ಯಾಕಿನಲ್ಲಿ;
ಎರಡು ಭಾನುವಾರ ಧಣಿಯ ಮನೆಯಲ್ಲಿ
ಗೋಳಿಬಜೆ ತಿಂದದ್ದೇ ತಿಂದದ್ದು.
ಸಹಿಯ ದುಡ್ಡನ್ನು ಧಣಿ ಗೊಣಗುತ್ತಾ ಕೊಟ್ಟರು.

ಸೋಮವಾರ ನಸುಕಿಗೇ ಹೋಗಿ ಹಿಂದೆ ನಿಂತೆ.
ಸದಿಯಣ್ಣ ಒದ್ದೆ ಬೆರಳು ಲುಂಗಿಗೆ ಒರೆಸಿ
ಎರಡು ಸಲ ಒತ್ತಿದ.
ತೆರೆಯಿತು.
ಅವನು ಅದನ್ನು ಗಮನಿಸಲೂ ಇಲ್ಲ.
ಬಂಗುಡೆ, ಹನ್ನೊಂದು ಬುಟ್ಟಿ, ಎಂದು ಬರೆದು
ಕಿಟಕಿಯಾಚೆ ಯಾರನ್ನೋ ಬೈದ.
ಆಮೇಲೆ ನನ್ನನ್ನು ಕಂಡು,
"ನೀನು ಎಂತ ಇಷ್ಟು ಬೇಗ?"