ಬಿ ಖಾತೆ

ನಮ್ಮ ಮನೆ ಬಿ ಖಾತೆ.
ಕಾಮಾಕ್ಷಿಪಾಳ್ಯದ ಒಳಗಲ್ಲಿ, ಇಪ್ಪತ್ತು ಮೂವತ್ತರ ಸೈಟು.
ಕಂದಾಯ ಕಟ್ಟಬಹುದು, ಕರೆಂಟು ಬರುತ್ತೆ,
ಬ್ಯಾಂಕಿನವರು ಕಾಗದ ನೋಡಿ ತುಟಿ ಕಚ್ಚುತ್ತಾರೆ.
ಅದರ ನಡುಕೋಣೆಯಲ್ಲಿ, ಹೊಲಿಗೆ ಮೆಷಿನ್ನಿನ ಪಕ್ಕ,
ಎಸ್‌.ಪಿ. ರೋಡಿನಿಂದ ಆಟೋದಲ್ಲಿ
ತೊಡೆಮೇಲೆ ಕೂರಿಸಿಕೊಂಡು ತಂದ ಹಳೇ ಕಂಪ್ಯೂಟರು.
ಅದರೊಳಗೆ ನಾನೇ ಎರಡು ಖಾತೆ.

ಬಲಮೂಲೆಯಲ್ಲಿ ದುಂಡು ಬೊಟ್ಟು.
ಒತ್ತಿದರೆ ಹಲ್ಲುಚಕ್ರದ ಗುರುತು:
ಮಂಜುಳ ಪ್ರೆಸ್ ಟೂಲ್ಸ್, ಪೀಣ್ಯ ಎರಡನೇ ಹಂತ, ಲೆಕ್ಕಪತ್ರ ವಿಭಾಗ.
ವಿಭಾಗ ಅಂದರೆ ನಾನೊಬ್ಬಳೇ.
ಧಣಿ ಮೇಲಂತಸ್ತು ಬಾಡಿಗೆಗೆ ಕೊಟ್ಟ ಮೇಲೆ
ವಿಭಾಗವೂ ನನ್ನ ಜೊತೆ ಮನೆಗೆ ಬಂತು,
ಎರಡು ಫೈಲು, ಒಂದು ಸ್ಟೇಪ್ಲರ್ ಸಮೇತ.
ಇನ್ನೊಂದು ಸಲ ಒತ್ತಿದರೆ
ನಂದಿಬೆಟ್ಟದ ಗಾಳಿಗೆ ಕೂದಲು ಬಾಯೊಳಗೆ ಹೋಗಿ
ಕಣ್ಣು ಮುಚ್ಚಿ ನಗುತ್ತಿರುವ ಗಂಗಲಕ್ಷ್ಮಿ.

ಅಲ್ಲಿಗೆ ಡೆಬಿಟ್ ನೋಟು, ಜಿಎಸ್‌ಟಿ, ‘ತುರ್ತು’ ಎಂಬ ಕೆಂಪು ಬಾವುಟ.
ಇಲ್ಲಿಗೆ ಗ್ಯಾಸ್ ಬಂದಿತೆಂಬ ಸುದ್ದಿ, ಮಗಳ ಫೀಸಿನ ರಸೀದಿ,
ಕನ್ನಡಕದಂಗಡಿಯವರ ಹುಟ್ಟುಹಬ್ಬದ ಹಾರೈಕೆ
(ಮರೆಯದವರು ಅವರೊಬ್ಬರೇ),
ವರ್ಷಕ್ಕೊಮ್ಮೆ, ಅದೂ ಬಂದರೆ, ನಸ್ರೀನ್.

ಮಗಳು ಭೂಮಿಕ ಬಣ್ಣ ಹಾಕಿಕೊಟ್ಟಳು:
‘ನೀಲಿ ಕಂಡರೆ ಸೆರಗು ಸರಿಮಾಡ್ಕೋ,
ಹಳದಿ ಕಂಡರೆ ನೈಟಿಯಲ್ಲೇ ಇರು.’
ಆರು ತಿಂಗಳು ಚೆನ್ನಾಗೇ ನಡೀತು.
ಆಮೇಲೆ ಕಣ್ಣಿಗೆ ತಂಪು ಅಂತ ಅದೇನೋ ಸೆಟ್ಟಿಂಗ್ ಒತ್ತಿದಳು,
ರಾತ್ರಿ ಹತ್ತಾದರೆ ಪರದೆ ತಾನೇ ಅರಿಶಿನ ಮೆತ್ತಿಕೊಳ್ಳುತ್ತೆ.
ನೀಲಿ ಯಾವುದು, ಹಳದಿ ಯಾವುದು.

ಹಾಗೇ ಆಯಿತು ಆ ಶುಕ್ರವಾರ.
ಹೊಸೂರಿನ ದೊರೈರಾಜ್, ಬಾಕಿ ಅರವತ್ನಾಲ್ಕು ಸಾವಿರದ ಇನ್ನೂರು.
ಮೂರು ನೆನಪೋಲೆಗೂ ಉಸಿರಿಲ್ಲ.
ನಾಲ್ಕನೆಯದು ಬರೆದೆ, ಖಡಕ್ಕಾಗಿ:
‘ಹಿಂದಿನ ಪತ್ರಗಳನ್ನು ಉಲ್ಲೇಖಿಸಿ, ಏಳು ದಿನದೊಳಗೆ, ತಪ್ಪಿದಲ್ಲಿ…’
ಕಳಿಸಿ, ಹಾಲಿಗೆ ಹೆಪ್ಪು ಹಾಕಿ ಬಂದು ನೋಡಿದರೆ
ಆ ‘ತಪ್ಪಿದಲ್ಲಿ’ಯ ಪಕ್ಕ ನಂದಿಬೆಟ್ಟದ ನಗು.

ಹತ್ತೇ ನಿಮಿಷ. ಉತ್ತರ.
‘ಅಮ್ಮಾ, ಆ ವಿಭಾಗ ಅಂತ ಬರೀತಿದ್ದೋರು ನೀವೇನಾ?
ಮಿಷಿನ್ನು ಕಳಿಸುತ್ತೆ ಅಂದ್ಕೊಂಡಿದ್ದೆ.
ಯಜಮಾನಿ ಆಸ್ಪತ್ರೇಲಿ, ಇವತ್ತಿಗೆ ಹನ್ನೆರಡು ದಿನ.
ಸೋಮವಾರ ಅರ್ಧ ಹಾಕ್ತೀನಿ, ಮಿಕ್ಕಿದ್ದು ಹಬ್ಬದೊಳಗೆ.
ಫೋಟೋ ಚೆನ್ನಾಗಿದೆ.’

ಯಾರೂ ಇಲ್ಲದಿದ್ದರೂ ಸೆರಗು ಸರಿಮಾಡಿಕೊಂಡೆ.

ಇದನ್ನು ಯಾವ ಬಾಬ್ತಿಗೆ ಹಾಕಲಿ?
ಇಪ್ಪತ್ತೆರಡು ವರ್ಷ ಕಿರ್ದಿ ಬರೆದವಳು,
ಚಹಾದ ಚೂರುಪಾರಿಗೂ ತಲೆಬರಹ ಕೊಟ್ಟವಳು.
ಧಣಿಗೆ ಹಾಗೇ ದಾಟಿಸಿದರೆ ನಗುವೂ ದಾಟಿಹೋಗುತ್ತೆ,
ಹನ್ನೆರಡು ದಿನವೂ.
ಬೇಕಾದಷ್ಟೇ ಕಿತ್ತು ನೀಲಿಯಿಂದ ಬರೆದೆ: ‘ಸೋಮವಾರ ಅರ್ಧ.’
ಧಣಿ ಇನ್ನೂ ಎದ್ದೇ ಇದ್ದರು: ‘ಬಡ್ಡಿ?’

ಯುಪಿಎಸ್ಸು ಕೀಕ್ ಎಂದಿತು. ಕರೆಂಟು ಹೋಯಿತು.
ಐದು ನಿಮಿಷ ಉಳಿದಿದೆ ಅಂತ ಅದರ ಲೆಕ್ಕ.
ಆ ಐದರಲ್ಲಿ ದೊರೈರಾಜರಿಗೆ ಎರಡು ಓಲೆ.
ಹಲ್ಲುಚಕ್ರದಿಂದ: ‘ಮೊತ್ತ ಸ್ವೀಕರಿಸಿದ ನಂತರ ರಸೀದಿ ಕಳಿಸಲಾಗುವುದು.’
ಹಳದಿಯಿಂದ: ‘ಏನಾಗಿದೆ ಅವರಿಗೆ? ಊಟಕ್ಕೆ ಯಾರಿದ್ದಾರೆ?’
ಎರಡನೆಯದು ಹೋಯಿತೋ ಇಲ್ಲವೋ, ಪರದೆ ಕಪ್ಪಾಯಿತು.

ಬೆಳಗಿನ ಜಾವ ನಾಲ್ಕೂವರೆಗೆ ಕಾವೇರಿ ನೀರು ಬಂತು,
ಡ್ರಮ್ಮು ತುಂಬಿಸುತ್ತ ಅದನ್ನೇ ಯೋಚಿಸುತ್ತಿದ್ದೆ.

ಸೋಮವಾರ ಮೂವತ್ತೆರಡು ಸಾವಿರದ ನೂರು ಜಮೆ.
ಬಡ್ಡಿಯ ಎದುರು ‘ಪರಿಶೀಲನೆಯಲ್ಲಿದೆ’ ಅಂತ ಷರಾ ಬರೆದೆ.
ಯಾರ ಪರಿಶೀಲನೆ ಅಂತ ಧಣಿ ಕೇಳಲಿಲ್ಲ.
ಗುರುವಾರ, ಗ್ಯಾಸಿನ ಸುದ್ದಿಗೂ ಕನ್ನಡಕದ ಆಫರಿಗೂ ನಡುವೆ
ಒಂದೇ ಸಾಲು: ‘ಇವತ್ತು ಒಂದು ಇಡ್ಲಿ ತಿಂದಳು.’

ಓದಿದೆ.
ಓದಿಲ್ಲ ಅಂತ ಗುರುತು ಹಾಕಿದೆ.
ದಪ್ಪಕ್ಷರದಲ್ಲಿ ಮೇಲೇ ಇದೆ ಇನ್ನೂ,
ಭೂಮಿಕ ಬಂದು ‘ಒಂದು ಬಾಕಿ ಇದೆಯಲ್ಲಮ್ಮ’ ಅನ್ನುತ್ತಾಳೆ.